ಚಿಗುರಿದ ಮೇಲೆ ಹಿಮ: ವೈನ್ ದ್ರಾಕ್ಷಿಗೆ ಚಾಟ್ನಿ ಯಾವಾಗ?

ಪ್ರಶ್ನೆ: ಚಳಿ ಪ್ರದೇಶ, ತಗ್ಗಿನ ತೋಟ, ಪಿನೋ ನ್ವಾರ್ ತಳಿ, ಎರಡು ಕಣ್ಣಿಗೆ ಚಾಟ್ನಿ (ಕಡ್ಡಿಗೆ ಎರಡೇ ಚಿಗುರು ಮೊಗ್ಗು ಉಳಿಸಿ ಕತ್ತರಿಸುವುದು). ಚಳಿಗಾಲದ ನಡುವೆಯೇ ಕತ್ತರಿಸಿದರೆ ಬಳ್ಳಿ ಬೇಗ ಚಿಗುರಿ ವಸಂತದ ಹಿಮಕ್ಕೆ ಕರಕಲಾಗುತ್ತದೆ. ತಡಮಾಡಿದರೆ ಎಷ್ಟು ದಿನ ಸಿಗುತ್ತದೆ? ಇಳುವರಿ ಕುಗ್ಗುತ್ತದೆಯೇ?

ಉತ್ತರ 1: ಎರಡು ಸಲ ಕತ್ತರಿಸಿ ಸರ್. ಚಳಿಗಾಲದಲ್ಲಿ ಕಡ್ಡಿಗೆ 8–10 ಕಣ್ಣು ಬಿಟ್ಟು ಒರಟಾಗಿ ಕತ್ತರಿಸಿದರೆ ಸಾಕು. ಬಳ್ಳಿ ತುದಿಯ ಕಣ್ಣನ್ನೇ ಮೊದಲು ಎಬ್ಬಿಸುತ್ತದೆ. ಅಲ್ಲಿ ಎರಡು ಮೂರು ಎಲೆ ಬಿಚ್ಚಿಕೊಂಡಾಗಲೂ ಬುಡದವು ಉಣ್ಣೆಯಂಥ ರೋಮದೊಳಗೆ ಮುದುಡಿಕೊಂಡೇ ಇರುತ್ತವೆ. ಆಗ ಎರಡು ಕಣ್ಣಿಗೆ ಇಳಿಸಿ. ಸಾಮಾನ್ಯವಾಗಿ ಒಂದೆರಡು ವಾರ ಸಿಗುತ್ತದೆ. ಇನ್ನೂ ತಡವಾದರೆ ಬೇರು, ಕಾಂಡದಲ್ಲಿ ಕೂಡಿಟ್ಟ ಶಕ್ತಿ ವ್ಯರ್ಥವಾಗಿ ಇಳುವರಿ ಕುಗ್ಗುತ್ತದೆ, ಹಣ್ಣಾಗುವುದೂ ತಡ. ಕತ್ತರಿಸಿದಲ್ಲಿ ನೀರು ಸೋರುತ್ತದೆ, ಹೆದರಬೇಡಿ.

ಉತ್ತರ 2: ನೆಲವನ್ನೂ ನೋಡಿ. ಸಾಲಿನ ನಡುವೆ ಹುಲ್ಲು ಎತ್ತರವಿದ್ದರೆ ಮಣ್ಣು ಹಗಲಿನ ಬಿಸಿಲು ಹೀರುವುದಿಲ್ಲ. ಹುಲ್ಲು ಗಿಡ್ಡ, ಮಣ್ಣು ತೇವ ಇರಲಿ. ಹಿಮ ಬೀಳುವ ದಿನಗಳಲ್ಲಿ ಉಳುಮೆ ಬೇಡ. ಹಿಮದ ರಾತ್ರಿ ಚಿಗುರು ಕಾಯಲು ಸ್ಪ್ರಿಂಕ್ಲರ್ ಹಾಕಿದರೆ ಬೆಳಗ್ಗೆ ಮಂಜುಗಡ್ಡೆ ಕರಗುವವರೆಗೂ ನಿಲ್ಲಿಸಲೇಬೇಡಿ. ನಡುವೆ ನಿಂತರೆ ಆವಿಯಾಗುವ ನೀರೇ ಚಿಗುರಿನ ಶಾಖ ಎಳೆದುಕೊಳ್ಳುತ್ತದೆ; ನೀರು ಬಿಡದೇ ಇದ್ದದ್ದಕ್ಕಿಂತ ಹೆಚ್ಚು ಹಾನಿ.

ಪ್ರಶ್ನೆ ಕೇಳಿದವರು: ಆದರೂ ಚಿಗುರು ಸುಟ್ಟರೆ?

ಉತ್ತರ 1: ಅವಸರದಲ್ಲಿ ಕತ್ತರಿಸಬೇಡಿ. ಒಂದೆರಡು ವಾರ ಕಾದರೆ ಅದೇ ಕಣ್ಣಿನ ಪಕ್ಕದ ಉಪಕಣ್ಣು ಚಿಗುರುತ್ತದೆ. ಗೊಂಚಲು ಕಡಿಮೆ, ಚಿಕ್ಕವು ಕೂಡ. ಆದರೆ ಮುಂದಿನ ವರ್ಷದ ಕಡ್ಡಿ ಸಿಗುವುದು ಅದರಿಂದಲೇ.