ಮಗಳ ಹಲ್ಲಿನ ಬಿಳಿ ಗೆರೆ: ಹುಳುಕೋ, ನೀರಿನ ಕಲೆಯೋ?

ಬಾಗಲಕೋಟೆಯ ತಾಯಿ: ಮಗಳಿಗೆ ನಾಲ್ಕು ವರ್ಷ. ಮೇಲಿನ ಮುಂಹಲ್ಲುಗಳಲ್ಲಿ ವಸಡಿನ ಅಂಚಿಗೆ ಬಿಳಿ ಗೆರೆ ಕಾಣುತ್ತಿದೆ. ನೋವಿಲ್ಲ, ತೂತಿಲ್ಲ. ಬೋರಿನ ನೀರಿನ ಕಲೆ ಎನ್ನುತ್ತಾರೆ ಅತ್ತೆ. ಹುಳುಕು ಶುರುವಾಗುವುದೂ ಹೀಗೆಯೇ? ಕಂಡವರು ತಿಳಿಸಿ.

ವಿಜಯಪುರದಿಂದ: ತಂಗಿ, ಮೊದಲು ಒರೆಸಿ ನೋಡಿ. ಮಗುವನ್ನು ತೊಡೆಯ ಮೇಲೆ ಅಂಗಾತ ಮಲಗಿಸಿಕೊಂಡು ಬಾಗಿಲ ಬೆಳಕಿನಲ್ಲಿ ಮೇಲ್ತುಟಿ ಎತ್ತಿ, ಒಣಬಟ್ಟೆಯಿಂದ ಹಲ್ಲು ಒರೆಸಿ. ಪಾಚಿಯಾಗಿದ್ದರೆ ಬಟ್ಟೆಗೆ ಹತ್ತುತ್ತದೆ. ಹಲ್ಲಿನ ಗಟ್ಟಿ ಹೊರಪದರವಾದ ಎನಾಮೆಲ್‌ನ ಖನಿಜ ಕರಗಿದ್ದರೆ ಕಲೆ ಅಲ್ಲೇ ಉಳಿದು, ಹಲ್ಲು ಒಣಗಿದಂತೆ ಇನ್ನಷ್ಟು ಬೆಳ್ಳಗಾಗುತ್ತದೆ. ಹೊಳಪೇ ಇಲ್ಲದ ಸೀಮೆಸುಣ್ಣದ ಬಿಳುಪು. ನನ್ನ ಮಗನದು ಹಲ್ಲು ಒದ್ದೆಯಿದ್ದಾಗ ಕಾಣುತ್ತಲೇ ಇರಲಿಲ್ಲ.

ಇಳಕಲ್ಲಿನಿಂದ: ಅತ್ತೆಯವರ ಮಾತನ್ನು ಪೂರ್ತಿ ತಳ್ಳಿಹಾಕಬೇಡಿ. ನಮ್ಮ ಕಡೆ ಎಷ್ಟೋ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಹೆಚ್ಚು, ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದು. ಆದರೆ ಹೆಚ್ಚಾದ ಫ್ಲೋರೈಡ್‌ನಿಂದಾಗುವ ಕಲೆ ಸಾಮಾನ್ಯವಾಗಿ ಎಡಬಲದ ಜೋಡಿ ಹಲ್ಲುಗಳಲ್ಲಿ ಒಂದೇ ತೆರನಾಗಿ, ಮೈಯೆಲ್ಲ ಹರಡಿದ ಸಣ್ಣ ಅಡ್ಡಗೆರೆಗಳಾಗಿರುತ್ತದೆ. ಅದೂ ಹೆಚ್ಚಾಗಿ ಶಾಶ್ವತ ಹಲ್ಲುಗಳಲ್ಲಿ. ನಿಮ್ಮದು ವಸಡಿನ ಗುಂಟ ಪಾಚಿ ಕೂರುವ ಜಾಗದಲ್ಲೇ ಇದೆ, ನನಗೆ ಹುಳುಕಿನ ಅನುಮಾನವೇ ಹೆಚ್ಚು. ರಾತ್ರಿ ಹಾಲಿನ ಬಾಟಲಿ ಕಚ್ಚಿಕೊಂಡೇ ಮಲಗುತ್ತಿದ್ದಳೇ?

ಬಾಗಲಕೋಟೆಯ ತಾಯಿ: ಹೌದು, ಸಕ್ಕರೆ ಹಾಕಿದ ಹಾಲು. ಒರೆಸಿದೆ, ಕಲೆ ಹೋಗಲಿಲ್ಲ.

ಮುಧೋಳದಿಂದ: ಹಾಲುಹಲ್ಲು ತಾನೇ, ಬಿದ್ದುಹೋಗುತ್ತದೆ ಬಿಡಿ.

ಜಮಖಂಡಿಯಿಂದ: ಹಾಗೆ ಬಿಡಬೇಡಿ ಅಣ್ಣ. ಹಾಲಿನ ದವಡೆಹಲ್ಲುಗಳು ಹತ್ತು ಹನ್ನೆರಡು ವರ್ಷದವರೆಗೆ ಬೇಕು. ಮುಂಹಲ್ಲಿನ ಹುಳುಕಿಗೆ ಕಾರಣವಾದದ್ದು ಹಿಂದಿನ ದವಡೆಹಲ್ಲುಗಳನ್ನು ಬಿಡುತ್ತದೆಯೇ? ಈ ಹಂತದಲ್ಲಿ ಮೇಲ್ಪದರ ಒಡೆದಿರುವುದಿಲ್ಲ, ಕೊರೆಯುವ ಪ್ರಶ್ನೆಯೇ ಬರುವುದಿಲ್ಲ. ಪಿನ್ನಿನಿಂದ ಮಾತ್ರ ಕೆದಕಬೇಡಿ, ಪದರ ಮುರಿದರೆ ತೂತು ಬೀಳುತ್ತದೆ. ನನ್ನ ಮಗಳಿಗೆ ದಂತವೈದ್ಯರು ಎನಾಮೆಲ್ ಗಟ್ಟಿಯಾಗಲೆಂದು ಫ್ಲೋರೈಡ್ ವಾರ್ನಿಷ್ ಎಂಬ ಲೇಪ ಬಳಿದರು, ಬಟಾಣಿ ಕಾಳಿನಷ್ಟು ಫ್ಲೋರೈಡ್ ಪೇಸ್ಟಿನಲ್ಲಿ ದಿನಕ್ಕೆರಡು ಸಲ ನಾವೇ ಉಜ್ಜಿ ಉಗುಳಿಸಬೇಕೆಂದರು. ಕೆಲವು ತಿಂಗಳಲ್ಲಿ ಒರಟು ಹೋಗಿ ಹೊಳಪು ಬಂತು. ತುಸು ಬಿಳುಪು ಉಳಿದಿದೆ, ಅದಕ್ಕೆ ಚಿಂತೆಯಿಲ್ಲ ಎಂದಿದ್ದಾರೆ. ಅಮೀನಗಡದ ಕರದಂಟು ತಂದರೆ ಊಟದ ಜೊತೆಗೇ ಕೊಡುತ್ತೇವೆ. ದಿನವಿಡೀ ಚೂರು ಚೂರು ಮೆಲ್ಲುತ್ತಿದ್ದರೆ ಬಾಯಿಯ ಆಮ್ಲ ತಗ್ಗಲು ಸಮಯವೇ ಸಿಗುವುದಿಲ್ಲ. ಮಾವನವರಿಗೆ ಇದನ್ನು ಒಪ್ಪಿಸುವುದೇ ದೊಡ್ಡ ಚಿಕಿತ್ಸೆ!

ಇಳಕಲ್ಲಿನಿಂದ: ವೈದ್ಯರ ಬಳಿ ಹೋಗುವಾಗ ನಿಮ್ಮ ಬೋರಿನ ನೀರು ಪರೀಕ್ಷಿಸಿದ ವರದಿಯನ್ನೂ ಒಯ್ಯಿರಿ, ಪೇಸ್ಟಿನ ಪ್ರಮಾಣ ಹೇಳಲು ಬೇಕಾಗುತ್ತದೆ. ನೀರು ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ಆವಿಯಾದಷ್ಟೂ ಉಳಿದ ನೀರಿನಲ್ಲಿ ಅದರ ಸಾಂದ್ರತೆ ಏರುತ್ತದೆ.