14 ಎಪಿಸೋಡ್ ಕಟ್ಟಿದ ಕಥೆಯನ್ನು ಕೊನೆಯ 2ರಲ್ಲಿ ಕೆಡವಬೇಕಿತ್ತಾ?

ಮಳೆಹನಿ:
ಮೊದಲೇ ಹೇಳುತ್ತೇನೆ, ಇದರಲ್ಲಿ ಕೊನೆಯ ಕಥೆ ಪೂರ್ತಿ ಬರುತ್ತದೆ. ನೋಡದವರು ಇಲ್ಲಿಗೇ ನಿಲ್ಲಿಸಿ.

ನಿನ್ನೆ ರಾತ್ರಿ 'ಟ್ವೆಂಟಿ ಫೈವ್ ಟ್ವೆಂಟಿ ವನ್' ಮುಗಿಸಿದೆ. 2022ರ ಕೊರಿಯನ್ ಸೀರೀಸ್, 16 ಎಪಿಸೋಡ್. ಕಥೆ ಶುರುವಾಗುವುದು 1998ರಲ್ಲಿ. ದೇಶಕ್ಕೆ ದೇಶವೇ ಸಾಲದಲ್ಲಿ ಮುಳುಗಿದ ಹೊತ್ತು. ಹೀ-ದೋ ಫೆನ್ಸಿಂಗ್ ಆಡುವ ಹುಡುಗಿ, ದುಡ್ಡಿಲ್ಲ ಅಂತ ಅವಳ ಶಾಲೆಯ ತಂಡವನ್ನೇ ಮುಚ್ಚುತ್ತಾರೆ. ಯೀ-ಜಿನ್‌ನ ಅಪ್ಪ ದಿವಾಳಿ, ಮನೆಯವರು ದಿಕ್ಕಿಗೊಬ್ಬರು. ಇಬ್ಬರೂ ಒಬ್ಬರಿಗೊಬ್ಬರು ಹೆಗಲು ಕೊಟ್ಟು ಬೆಳೆಯುತ್ತಾರೆ. ಕೊನೆಗೆ ಅವನು ವರದಿಗಾರನಾಗಿ ನ್ಯೂಯಾರ್ಕಿಗೆ ಹೋಗುತ್ತಾನೆ, 2001ರ ಸೆಪ್ಟೆಂಬರ್ ದಾಳಿಯ ಸುದ್ದಿಗೆ. ಫೋನ್ ಕಡಿಮೆಯಾಗುತ್ತದೆ. ಮುಗಿಯಿತು!

ಬೇರೆಯಾದರು ಅಂತ ನನಗೆ ಸಿಟ್ಟಿಲ್ಲ. ಅಷ್ಟು ದಿನ ಮನಸ್ಸಿಗೆ ಬಂದದ್ದನ್ನೆಲ್ಲ ಮುಖದ ಮೇಲೆ ಹೇಳುತ್ತಿದ್ದ ಹುಡುಗಿ, ಜೀವನದ ಅತಿ ಮುಖ್ಯ ಹೊತ್ತಿನಲ್ಲಿ ಮಾತು ಒಳಗೇ ನುಂಗಿಕೊಂಡು ಕೂತಳಲ್ಲ, ಅದಕ್ಕೆ ಸಿಟ್ಟು.

ರಾತ್ರಿಪಾಳಿ:
ನಾನು ಒಪ್ಪುವುದಿಲ್ಲ. ಲೇಖಕಿ ಮೊದಲ ಎಪಿಸೋಡಿನಲ್ಲೇ ಹೇಳಿದ್ದಾರೆ. ಈಗಿನ ಕಾಲದಲ್ಲಿ ಹೀ-ದೋಳ ಹಳೆಯ ಡೈರಿ ಓದುವ ಅವಳ ಮಗಳ ಹೆಸರೇನು? ಕಿಮ್ ಮಿನ್-ಛೇ. ಕೊರಿಯಾದಲ್ಲಿ ಮಕ್ಕಳಿಗೆ ಸಾಮಾನ್ಯವಾಗಿ ಅಪ್ಪನ ಮನೆತನದ ಹೆಸರೇ ಬರುವುದು. ಯೀ-ಜಿನ್ ಮನೆತನ ಬೇಕ್. ಅಂದಮೇಲೆ ಮದುವೆ ಆಗಿಲ್ಲ ಅಂತ ಗೊತ್ತಾಗಬೇಕಿತ್ತು, ಅಲ್ವಾ? ನಾವು ಆಸೆ ಇಟ್ಟುಕೊಂಡೆವು. ಅದು ನಮ್ಮ ತಪ್ಪು.

ಮಳೆಹನಿ:
ಸುಳಿವು ಕೊಟ್ಟರೆ ಸಾಕಾ ಹೇಳಿ? ಏನಾಗುತ್ತದೆ ಅಂತ ಆ ಹೆಸರು ಹೇಳಿತು. ಯಾಕಾಗುತ್ತದೆ ಅಂತ ಯಾರು ಹೇಳಬೇಕು?

ಇನ್ನೊಂದು ನೋಡಿ. ಐದು ಜನ ಗೆಳೆಯರು ಸಮುದ್ರಕ್ಕೆ ಹೋಗುತ್ತಾರೆ. ಇಡೀ ಸೀರೀಸ್‌ನಲ್ಲಿ ಅದಕ್ಕಿಂತ ಚೆಂದದ ದಿನ ಇಲ್ಲ. ಈಗಿನ ಕಾಲದಲ್ಲಿ ಮಗಳು ಆ ಬಗ್ಗೆ ಕೇಳಿದರೆ ಅಮ್ಮನಿಗೆ ನೆನಪೇ ಇಲ್ಲ! ನಾನು ಪಾಜ್ ಮಾಡಿ ಸುಮ್ನೆ ಕೂತೆ. ಹದಿನೆಂಟರಲ್ಲಿ ನಾವು ಗೆಳತಿಯರು ಸಿಗಂದೂರಿಗೆ ಹೋದ ದಿನ ಬಸ್ ಟಿಕೆಟ್ ಎಷ್ಟಿತ್ತು ಅನ್ನುವುದೂ ನನಗೆ ಇವತ್ತಿಗೂ ನೆನಪಿದೆ.

ಕಡಲತಡಿ:
ಮಳೆಹನಿಯವರೇ, ನಮ್ಮ ಕಡೆ 'ಕರ್ಣಾರ್ಜುನ ಕಾಳಗ' ಪ್ರಸಂಗ ಇದ್ದರೆ ಜನ ಬೆಳಗಿನವರೆಗೆ ಕೂರುತ್ತಾರೆ. ಕರ್ಣ ಸಾಯುತ್ತಾನೆ ಅಂತ ಚಿಕ್ಕ ಮಗುವಿಗೂ ಗೊತ್ತು. ಆದರೂ ರಥದ ಚಕ್ರ ಹೂತಾಗ ಕಣ್ಣು ಒದ್ದೆಯಾಗುತ್ತದೆ. ಯಾಕೆಂದರೆ ಪರಶುರಾಮನ ಶಾಪ, ಕುಂತಿಗೆ ಕೊಟ್ಟ ಮಾತು, ಎಲ್ಲಾ ಒಂದೊಂದಾಗಿ ಬಂದು ಅಲ್ಲಿ ಸೇರುತ್ತವೆ. ಹಾಗಾಗಿ ನೀವು ಹೇಳುವುದು ನನಗೆ ಅರ್ಥವಾಗುತ್ತದೆ.

ಆದರೆ ಬಸ್ ಸ್ಟಾಪಿನ ದೃಶ್ಯ ಮರೆಯಬೇಡಿ. ಜಗಳ ಆಗಿದೆ, ಸಂಬಂಧ ಮುಗಿದಿದೆ. ಅವಳ ಶೂ ಲೇಸ್ ಬಿಚ್ಚಿದೆ. ಅವನು ಕೆಳಗೆ ಕೂತು ಕಟ್ಟುತ್ತಾನೆ. ಇಬ್ಬರೂ ಅಳುತ್ತಾರೆ. ಆ ಒಂದು ಗಂಟಿನಲ್ಲಿ ಎಲ್ಲಾ ಇದೆ ಅನ್ನಿಸಿತು ನನಗೆ.

ಅಡಿಕೆತೋಟ:
ಅದಾದರೂ ಪರವಾಗಿಲ್ಲ. 'ರೀಬಾರ್ನ್ ರಿಚ್' ನೋಡಿದ್ದೀರಾ? ಅದೂ 2022ರದ್ದೇ. ದೊಡ್ಡ ಕಂಪನಿಯ ಮನೆತನಕ್ಕೆ ದುಡಿದವನನ್ನು ಅವರೇ ಕೊಲ್ಲಿಸುತ್ತಾರೆ. ಅವನು 1987ರಲ್ಲಿ ಅದೇ ಮನೆಯ ಕಿರಿಯ ಮೊಮ್ಮಗನಾಗಿ ಕಣ್ಣು ಬಿಡುತ್ತಾನೆ. ತಾತನಾಗಿ ಲೀ ಸಂಗ್-ಮಿನ್ ಮಾಡಿದ ಪಾತ್ರ ಇದೆಯಲ್ಲ, ಅದಕ್ಕಾಗಿಯೇ ನೋಡಬೇಕು. ಮೂಲ ವೆಬ್ ಕಾದಂಬರಿಯಲ್ಲಿ ಮೊಮ್ಮಗ ಗೆದ್ದು ಕಂಪನಿಯ ಯಜಮಾನನಾಗುತ್ತಾನೆ. ಸೀರೀಸ್‌ನಲ್ಲಿ ಅವನು ಸಾಯುತ್ತಾನೆ, ಹಳೆಯ ನೌಕರ ಎದ್ದು ಕೂರುತ್ತಾನೆ. ಮೊಮ್ಮಗನಾಗಿ ಅವನು ಬದುಕಿದ್ದು ಅಷ್ಟು ವರ್ಷ, ಇಲ್ಲಿ ಕಳೆದದ್ದು ಬರೀ ಒಂದು ವಾರ! ಕೊನೆಯ ದಿನ ರೇಟಿಂಗ್ ಶೇ. 26.9. ಜನ ನೋಡಿದರು ಅಂದಮಾತ್ರಕ್ಕೆ ಮೆಚ್ಚಿದರು ಅಂತಲ್ಲ.

ಕಾರಣವೂ ಇದೆ. ಕೊರಿಯಾದಲ್ಲಿ ಬಹಳ ಕಾಲ ಪ್ರಸಾರ ನಡೆಯುತ್ತಿರುವಾಗಲೇ ಶೂಟಿಂಗ್ ಮಾಡುತ್ತಿದ್ದರು. ವಾರಕ್ಕೆ ಎರಡು ಎಪಿಸೋಡ್, ಒಂದೊಂದೂ ಒಂದು ಗಂಟೆಗಿಂತ ಜಾಸ್ತಿ. ಸೆಟ್ಟಿಗೆ ಅಂದಿನ ಸೀನ್ ಅಂದೇ ಹಾಳೆಯಲ್ಲಿ ಬರುತ್ತಿತ್ತು. ಅದಕ್ಕೆ 'ಚೋಕ್‌ದೇಬೊನ್' ಅಂತ ಹೆಸರೇ ಇದೆ. ಹಾಗೆ ಬರೆದರೆ ಕೊನೆಗೆ ಕೈ ಸೋಲದೆ ಇರುತ್ತದಾ?

ರಾತ್ರಿಪಾಳಿ:
ಅದೊಂದೇ ಕಾರಣ ಅಲ್ಲ ಗುರು. 2016ರ 'ಮೂನ್ ಲವರ್ಸ್' ಪ್ರಸಾರಕ್ಕೆ ಮೊದಲೇ ಪೂರ್ತಿ ಶೂಟ್ ಆಗಿತ್ತು. ಕೈಯಲ್ಲಿ ಬೇಕಾದಷ್ಟು ಸಮಯ ಇತ್ತು. ಆದರೂ 20ನೇ ಎಪಿಸೋಡ್ ಓಡಿಸಿಕೊಂಡು ಹೋದರು. ರಾಜರ ಕಾಲಕ್ಕೆ ಹೋಗಿದ್ದ ನಾಯಕಿ ಅಲ್ಲಿ ಸತ್ತು ಈ ಕಾಲಕ್ಕೆ ಮರಳುತ್ತಾಳೆ, ಪ್ರದರ್ಶನದಲ್ಲಿ ತಾನು ಪ್ರೀತಿಸಿದ ರಾಜನ ಚಿತ್ರ ನೋಡಿ ಅಳುತ್ತಾಳೆ. ಆ ಕಾಲದಲ್ಲಿ ಅವನು ಒಬ್ಬನೇ ನಡೆದು ಹೋಗುತ್ತಾನೆ. ಅಷ್ಟೇ.

ಮಳೆಹನಿ:
ಅದೇ ಕಥೆಯ ಚೀನೀ ಸೀರೀಸ್ 2011ರಲ್ಲೇ ಬಂದಿತ್ತು. ಅಲ್ಲಿ ಮ್ಯೂಸಿಯಂನಲ್ಲಿ ಅವನ ಮುಖವೇ ಇರುವ ಒಬ್ಬ ಎದುರಾಗುತ್ತಾನೆ. ಅವನಿಗೆ ಇವಳ ಗುರುತಿಲ್ಲ. ಒಂದು ಮಾತಿಲ್ಲದೆ ದಾಟಿ ಹೋಗುತ್ತಾನೆ. ಅದೂ ದುಃಖವೇ. ಆದರೆ ಅವಳ ಪ್ರೀತಿಗೆ ಅಲ್ಲಿ ಒಂದು ಜಾಗ ಕೊಟ್ಟಿದ್ದಾರೆ. ನಾನು ಕೇಳುತ್ತಿರುವುದು ಅಷ್ಟನ್ನೇ.

ಹಾಸನದ_ಅಜ್ಜಿ:
ಮಕ್ಕಳೇ, ನನಗೆ ಇಂಗ್ಲಿಷ್ ಅಕ್ಷರ ಓಡುವಷ್ಟು ಬೇಗ ಓದಲು ಬರುವುದಿಲ್ಲ. ಮೊಮ್ಮಗಳು ಪಕ್ಕದಲ್ಲಿ ಕೂತು ಕನ್ನಡದಲ್ಲಿ ಹೇಳುತ್ತಾಳೆ. ಹಾಗೆ 'ರಿಪ್ಲೈ 1988' ಇಡೀ ನೋಡಿದೆ. ಒಂದು ಮನೆಯ ಅಡುಗೆ ಇನ್ನೊಂದು ಮನೆಗೆ, ಆ ಮನೆಯದು ಮತ್ತೊಂದಕ್ಕೆ, ಮಕ್ಕಳು ತಟ್ಟೆ ಹಿಡಿದು ಓಡಾಡುತ್ತಾರೆ. ನಾವು ಚಾಮರಾಜಪೇಟೆಯ ವಠಾರದಲ್ಲಿದ್ದಾಗ ಹಾಗೇ ಇತ್ತು.

ಮೊಮ್ಮಗಳು ನಾಯಕಿಯನ್ನು ಪ್ರೀತಿಸಿದ ಜಂಗ್-ಹ್ವಾನ್ ಪಕ್ಷ. ಅವನಿಗೆ ಮೋಸವಾಯಿತು ಅಂತ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಅವಳು ಹೇಳುವುದರಲ್ಲೂ ನ್ಯಾಯ ಇದೆ. ನಾಯಕಿಯ ಗಂಡ ಯಾರು, ಗಂಡ ಯಾರು ಅಂತ ಕೊನೆವರೆಗೂ ನಮ್ಮನ್ನು ಕಾಯಿಸಿ, ಆ ಹುಡುಗನನ್ನು ಕಡೆಗೆ ಮೂಲೆಗೆ ಸರಿಸಿದರು. ಅವನ ಮನಸ್ಸಿಗೆ ಏನಾಯಿತು ಅಂತ ಯಾರೂ ಕೇಳಲಿಲ್ಲ.

ನನಗೆ ಮಾತ್ರ ಕೊನೆ ಹಿಡಿಸಿತು. ಒಂದೊಂದೇ ಮನೆ ಖಾಲಿ ಮಾಡಿ ಹೋಗುತ್ತಾರೆ. ಬೀದಿಯಲ್ಲಿ ಯಾರೂ ಇಲ್ಲ. ನಮ್ಮ ವಠಾರ ಒಡೆಯುವ ಮುಂಚೆ ನಾನು ಬೀಗದ ಕೈ ಕೊಡಲು ಹೋಗಿದ್ದೆ. ನಲ್ಲಿಯ ಹತ್ತಿರ ಯಾರದ್ದೋ ಒಂದು ಕೊಡ ಉಳಿದಿತ್ತು.

ಮಳೆಹನಿ:
ಅಜ್ಜಿ, ಜಂಗ್-ಹ್ವಾನ್ ವಿಷಯದಲ್ಲಿ ನಾನು ನಿಮ್ಮ ಮೊಮ್ಮಗಳ ಪಕ್ಷವೇ. ಅವಳಿಗೆ ಹೇಳಿ.
ಆ ಕೊಡ ಯಾರದ್ದು ಅಂತ ಗೊತ್ತಾಯಿತಾ?

ಹಾಸನದ_ಅಜ್ಜಿ:
ಗೊತ್ತಾಗಲಿಲ್ಲ ಕಣಮ್ಮ. ನಾನೇ ಮನೆಗೆ ತಂದೆ.