ಮೊಕ್ಕಿಯಲ್ಲಿ ಎಂಟು ಜನಕ್ಕೆ ಅಡುಗೆ: ಲೆತ್ತು ಅಂಟುತ್ತೆ, ಆಲೂಗಡ್ಡೆ ಒಡೆಯುತ್ತೆ

ಎಸ್ಪೋ_ಮನೆಮಂದಿ:
ಯುಹಾನ್ನುಸ್ (ಫಿನ್‌ಲ್ಯಾಂಡಿನಲ್ಲಿ ಜೂನಿನ ನಡುಬೇಸಿಗೆ ಹಬ್ಬ) ವಾರಾಂತ್ಯಕ್ಕೆ ಇಲ್ಲಿ ಕೆರೆ ದಂಡೆಯಲ್ಲಿ ಬಾಡಿಗೆ ಮೊಕ್ಕಿ (ಬೇಸಿಗೆ ಮನೆ) ಹಿಡಿದಿದ್ದೇವೆ. ದೊಡ್ಡವರು ಐದು, ಮಕ್ಕಳು ಮೂರು, ಅದರಲ್ಲಿ ಒಬ್ಬರು ಮೊಟ್ಟೆ ತಿನ್ನಲ್ಲ. ಕರೆಂಟಿಲ್ಲ. ಒಂದು ಗ್ಯಾಸ್ ಒಲೆ, ಹೊರಗೆ ಸೌದೆ ಬೆಂಕಿಗೆ ಜಾಗ, ಕಾಲಿರುವ ದೊಡ್ಡ ಮೂರಿಕ್ಕಾ ಕಾವಲಿ ಇದೆಯಂತೆ. ಹೊಸ ಆಲೂಗಡ್ಡೆ, ಕೆಸಾಕೆಯ್ತೊ ಅನ್ನುವ ಹಾಲು-ತರಕಾರಿ ಸೂಪು, ಲೆತ್ತು (ಹಾಲು, ಮೊಟ್ಟೆ ಹಾಕಿದ ಇಲ್ಲಿನ ತೆಳು ದೋಸೆ), ಜೊತೆಗೆ ಕಾಡಿನ ಬ್ಲೂಬೆರಿ ಕಿತ್ತು ತಂದು ಹಾಕೋಣ ಅಂತ ಯೋಚನೆ. ಮನೆಯಲ್ಲಿ ಮಾಡಿ ನೋಡಿದರೆ ಆಲೂಗಡ್ಡೆ ಬಿರಿದು ಪುಡಿಯಾಯ್ತು, ಸೂಪಿನ ಹಾಲು ಒಡೆಯಿತು, ಲೆತ್ತು ನಡುವೆ ಅಂಟಿ ಹರಿಯಿತು. ದೋಸೆ ಚೆನ್ನಾಗಿಯೇ ಏಳುತ್ತೆ, ಇದು ಯಾಕೆ ಏಳಲ್ಲ?

ತಾಂಪೆರೆ_ಕಾವಲಿ:
ಲೆತ್ತು ವಿಷಯ ಮೊದಲು. ದೋಸೆ ಹಿಟ್ಟಲ್ಲಿ ಹಾಲು, ಮೊಟ್ಟೆ ಇರಲ್ಲ. ಇವೆರಡೂ ಸರಿಯಾಗಿ ಕಾಯದ ಕಬ್ಬಿಣ ಕಂಡರೆ ಕಚ್ಚಿಕೊಳ್ಳುತ್ತವೆ. ದೋಸೆಗೆ ಮಾಡುವ ಹಾಗೆ ಕಾವಲಿಗೆ ನೀರು ಚಿಮುಕಿಸಿ ಕಾವು ಇಳಿಸಿದರಂತೂ ಮುಗೀತು.

ಎಂಟು ಜನಕ್ಕೆ ಅಳತೆ: ಪೂರ್ಣ ಕೊಬ್ಬಿನ ಹಾಲು 1 ಲೀಟರ್, ಮೊಟ್ಟೆ 5, ಹಿಟ್ಟು 5 ಡೆಸಿ (ಇಲ್ಲಿನ ಡೆಸಿ ಅಂದರೆ 100 ಮಿಲಿ). ಹಿಟ್ಟಲ್ಲಿ 3 ಡೆಸಿ ಗೋಧಿ, 2 ಡೆಸಿ ಬಾರ್ಲಿ. ಬಾರ್ಲಿ ಸೇರಿದರೆ ರುಚಿ ಬೇರೆಯೇ, ಬಿಡಬೇಡಿ. ಉಪ್ಪು 1 ಟೀ ಚಮಚ, ಸಕ್ಕರೆ 1 ದೊಡ್ಡ ಚಮಚ, ಕರಗಿಸಿದ ಬೆಣ್ಣೆ 75 ಗ್ರಾಂ. ಮೊದಲು ಹಿಟ್ಟನ್ನು ಅರ್ಧ ಹಾಲಲ್ಲಿ ಗಂಟಿಲ್ಲದಂತೆ ಕಲಸಿ, ಆಮೇಲೆ ಉಳಿದದ್ದು. ಅರ್ಧ ಗಂಟೆ ಬಿಡಿ. ಹಿಟ್ಟು ನೀರು ಕುಡಿಯದಿದ್ದರೆ ಲೆತ್ತು ತಿರುವುವಾಗಲೇ ಹರಿಯುತ್ತೆ. ಹದ ನೀರು ದೋಸೆಗಿಂತ ಒಂದು ಚೂರು ದಪ್ಪ. ಸಕ್ಕರೆ ಜಾಸ್ತಿ ಹಾಕಬೇಡಿ, ಒಳಗೆ ಬೇಯುವ ಮೊದಲೇ ಕಪ್ಪಾಗುತ್ತೆ. ಸಿಹಿ ಮೇಲಿನ ಜಾಮಿಂದ ಬರಲಿ.

ಮೂರಿಕ್ಕಾ ನಡುವೆ ತಗ್ಗು, ಬೆಂಕಿಯೂ ಅಲ್ಲೇ ಜಾಸ್ತಿ. ಜ್ವಾಲೆ ಎದ್ದಿರುವಾಗ ಹುಯ್ಯಬೇಡಿ. ಸೌದೆ ಉರಿದು ಕೆಂಡವಾಗಲಿ, ಕೆಂಡವನ್ನು ಕಡ್ಡಿಯಿಂದ ಸುತ್ತ ಹರಡಿ. ಒಂದು ಚೂರು ಬೆಣ್ಣೆ ಹಾಕಿ ನೋಡಿ: ನೊರೆ ಎದ್ದು, ಸದ್ದು ಇಳಿದು, ಅಂಚು ಕಂದಾಗಲು ಶುರುವಾದ ಕ್ಷಣ ಹಿಟ್ಟು ಹುಯ್ಯಬೇಕು. ನೊರೆ ಬರದಿದ್ದರೆ ಕಾದಿಲ್ಲ, ತಕ್ಷಣ ಕಪ್ಪಾದರೆ ಕಾವು ಮಿತಿಮೀರಿದೆ. ಒಂದೂವರೆ ಡೆಸಿ ಹಿಟ್ಟನ್ನು ನೀರು ದೋಸೆಗೆ ಸುರಿಯುವ ಹಾಗೆಯೇ ಅಂಚಿನಿಂದ ಒಳಗೆ ಸುತ್ತಿ. ಸೌಟಿಂದ ಹರಡಬೇಡಿ. ಮೇಲೆ ಹಸಿ ಹೊಳಪು ಹೋಗಿ, ಅಂಚು ಜಾಲರಿಯಾಗಿ ತಾನೇ ಬಿಟ್ಟುಕೊಂಡ ಮೇಲೆ ಅಗಲ ಸಟ್ಟುಗ ನುಗ್ಗಿಸಿ ತಿರುವಿ. ಪ್ರತಿ ಲೆತ್ತಿಗೂ ಹೊಸ ಬೆಣ್ಣೆ, ಜೊತೆಗೆ ಸ್ವಲ್ಪ ರಿಪ್ಸಿ (ಸಾಸಿವೆ ಜಾತಿಯ ಬೀಜದ) ಎಣ್ಣೆ; ಬರೀ ಬೆಣ್ಣೆಯಾದರೆ ಕೆಂಡದ ಕಾವಿಗೆ ಸುಡುತ್ತೆ. ಈ ಅಳತೆಗೆ ಹತ್ತರಷ್ಟು ದೊಡ್ಡ ಲೆತ್ತು ಬರುತ್ತವೆ, ಮೊದಲನೆಯದನ್ನು ಲೆಕ್ಕಕ್ಕೆ ಇಡಬೇಡಿ.

ಬಾಡಿಗೆ ಮನೆಯ ಕಾವಲಿಯನ್ನು ಹಿಂದಿನವರು ಸೋಪು ಹಾಕಿ ಉಜ್ಜಿರುತ್ತಾರೆ. ಹೋದ ತಕ್ಷಣ ಎಣ್ಣೆ ಸವರಿ ಹೊಗೆ ಬರುವ ತನಕ ಕಾಯಿಸಿ ಒರೆಸಿ. ಹೀಗೆ ಎರಡು ಮೂರು ಸಲ ಮಾಡಿದರೆ ಪಳಗುತ್ತೆ.

ಸಬ್ಬಸಿಗೆ_ಕಟ್ಟು:
ಆಲೂಗಡ್ಡೆ ಪುಡಿಯಾಗಿದ್ದು ಬಹುಶಃ ಕೊಂಡ ಚೀಲದಿಂದ. ಇಲ್ಲಿ ಹಸಿರು ಚೀಲ ಅಂದರೆ ಗಟ್ಟಿ ಜಾತಿ, ಕೆಂಪು ಅಂದರೆ ಹಿಟ್ಟು ಹಿಟ್ಟಾಗುವುದು, ಹಳದಿ ನಡುವಿನದು. ಬೇಸಿಗೆಗೆ ತೊರಿ ಸಂತೆಯಲ್ಲಿ ತಿಮೊ ಅಥವಾ ಸೀಕ್ಲಿ ತಳಿ ಕೇಳಿ, ಮಣ್ಣು ಮೆತ್ತಿರುವುದನ್ನೇ ತಗೊಳ್ಳಿ. ತೊಳೆದದ್ದು ಬೇಗ ಬಾಡುತ್ತೆ. ತಲೆಗೆ 250–300 ಗ್ರಾಂ, ಅಂದರೆ 2 ಕೆಜಿ ಮೇಲೆ ಬೇಕು. ಚೀಲ ಬಿಸಿಲಲ್ಲಿ ಇಡಬೇಡಿ, ಹಸಿರಾಗುತ್ತೆ.

ಸಿಪ್ಪೆ ಸುಲಿಯಬಾರದು, ಬ್ರಷ್‌ನಿಂದ ಉಜ್ಜಿದರೆ ಸಾಕು. ನೀರು ಕುದಿದ ಮೇಲೆ ಲೀಟರಿಗೆ ಎರಡು ಟೀ ಚಮಚ ಉಪ್ಪು, ಸಬ್ಬಸಿಗೆಯ ದಪ್ಪ ದಂಟು, ಆಮೇಲೆ ಆಲೂಗಡ್ಡೆ. ಒಂದೇ ಗಾತ್ರದವನ್ನು ಆರಿಸಿ. ಸಣ್ಣ ಗುಳ್ಳೆ ಬರುವಷ್ಟೇ ಉರಿ. ಕೊತಕೊತ ಕುದಿದರೆ ಒಂದಕ್ಕೊಂದು ಬಡಿದು ಸಿಪ್ಪೆ ಬಿರಿಯುತ್ತೆ. 10–15 ನಿಮಿಷಕ್ಕೆ ಚಾಕು ಚುಚ್ಚಿ ನೋಡಿ, ನೀರು ಬಸಿದು, ಮುಚ್ಚಳ ತೆಗೆದು ಒಂದು ನಿಮಿಷ ಆವಿ ಹೋಗಲು ಬಿಡಿ. ಆಮೇಲೆ ಬೆಣ್ಣೆ, ಹೆಚ್ಚಿದ ಹಸಿ ಸಬ್ಬಸಿಗೆ ಎಲೆ. ನಮ್ಮ ಕಡೆ ಸಬ್ಬಸಿಗೆ ಬೇಯಿಸದೆ ತಿನ್ನುವುದು ಕಡಿಮೆ, ಇಲ್ಲಿ ಹಸಿಯದೇ ಆಟ. ಫಿನ್ನರು ಇದರ ಜೊತೆ ಸಿಲ್ಲಿ ಅನ್ನುವ ಉಪ್ಪಿನಲ್ಲಿಟ್ಟ ಹೆರಿಂಗ್ ಮೀನು ಇಡುತ್ತಾರೆ. ಬೇಡದವರಿಗೆ ಕೆರ್ಮವೀಲಿ (ಹುಳಿ ಕೆನೆ) ಒಂದು ಡಬ್ಬಿಗೆ ಈರುಳ್ಳಿ ಸೊಪ್ಪು, ಉಪ್ಪು ಕಲಸಿಡಿ.

ಕೆಸಾಕೆಯ್ತೊ: 6 ಡೆಸಿ ನೀರಲ್ಲಿ ಕ್ಯಾರೆಟ್, ಆಲೂಗಡ್ಡೆ ಹತ್ತು ನಿಮಿಷ, ಹೂಕೋಸು ಐದು, ಕೊನೆಗೆ ಬಟಾಣಿ ಎರಡು. 5 ಡೆಸಿ ಪೂರ್ಣ ಹಾಲಿಗೆ ತಣ್ಣಗಿರುವಾಗಲೇ 2 ದೊಡ್ಡ ಚಮಚ ಗೋಧಿ ಹಿಟ್ಟು ಕದಡಿ, ಉರಿ ತಗ್ಗಿಸಿ, ತೆಳ್ಳಗೆ ಬಿಡುತ್ತಾ ತಿರುಗಿಸಿ. ಹಿಟ್ಟು ಹಾಲನ್ನು ಒಡೆಯದಂತೆ ಹಿಡಿದಿಡುತ್ತೆ, ಆದರೂ ಜೋರಾಗಿ ಕುದಿಸಬೇಡಿ. ಹಸಿ ವಾಸನೆ ಹೋಗಲು ಐದು ನಿಮಿಷ ಸಾಕು. ಬೆಣ್ಣೆ, ಚಿಟಿಕೆ ಸಕ್ಕರೆ, ಉಪ್ಪು ಕೊನೆಗೆ. ಇದು ನಾಲ್ಕು ಜನಕ್ಕೆ, ನಿಮಗೆ ದುಪ್ಪಟ್ಟು.

ಔಲು_ಬೆಳ್ಳಕ್ಕಿ:
ಬ್ಲೂಬೆರಿ ಆಸೆ ಬಿಡಿ. ಕಾಡಿನ ಮುಸ್ತಿಕ್ಕಾ (ಇಲ್ಲಿನ ಬ್ಲೂಬೆರಿ) ಯುಹಾನ್ನುಸ್ ಹೊತ್ತಿಗೆ ಇನ್ನೂ ಹಸಿರುಕಾಯಿ, ಹಣ್ಣಾಗುವುದು ಜುಲೈ ನಡುವಿನಿಂದ. ಆಗ ಯಾರ ಕಾಡಲ್ಲಾದರೂ ಕೀಳಬಹುದು, ಮನೆಯಂಗಳ ಮಾತ್ರ ಬಿಟ್ಟು. ಈಗ ಫ್ರೀಜರಿನದು ತಗೊಂಡರೆ ಪೊಟ್ಟಣದ ಮೇಲೆ ದೇಶ ನೋಡಿ: ಫಿನ್‌ಲ್ಯಾಂಡಿನದಲ್ಲದಿದ್ದರೆ ಎರಡು ನಿಮಿಷ ಕುದಿಸಿಯೇ ತಿನ್ನಿ, ವಾಂತಿ ಭೇದಿ ತರುವ ನೋರೋವೈರಸ್ ಭಯ.

ಸೌದೆ ಬೆಂಕಿ ವಿಷಯ ಯಾರೂ ಹೇಳಲಿಲ್ಲ. ಹೊರಡುವ ಬೆಳಿಗ್ಗೆ ಕಾಡ್ಗಿಚ್ಚಿನ ಎಚ್ಚರಿಕೆ ಇದೆಯಾ ಹವಾಮಾನ ಇಲಾಖೆಯ ಪುಟದಲ್ಲಿ ನೋಡಿ. ಇದ್ದರೆ ಬಯಲಲ್ಲಿ ಬೆಂಕಿ ಹಾಕುವಂತಿಲ್ಲ, ಒಮ್ಮೆ ಬಳಸಿ ಎಸೆಯುವ ಗ್ರಿಲ್ಲೂ ಇಲ್ಲ. ಇಲ್ಲದಿದ್ದರೂ ಮನೆ ಮಾಲೀಕರ ಒಪ್ಪಿಗೆ ಬೇಕು.

ಎಸ್ಪೋ_ಮನೆಮಂದಿ:
ಎಲ್ಲರಿಗೂ ಧನ್ಯವಾದ. ಎಚ್ಚರಿಕೆ ಬಂದರೆ ಗ್ಯಾಸ್ ಒಲೆ ಮೇಲೆ ಮೂರಿಕ್ಕಾ ಇಡಬಹುದಾ? ಮೊಟ್ಟೆ ತಿನ್ನದವರಿಗೆ ಏನು ಮಾಡಲಿ?

ತಾಂಪೆರೆ_ಕಾವಲಿ:
ಅಡುಗೆಮನೆಯ ಸಣ್ಣ ಒಲೆಗೆ ಅಷ್ಟು ಅಗಲದ ಕಾವಲಿ ಬೇಡ. ನಡುವೆ ಮಾತ್ರ ಕಾದು ಅಂಚು ಹಸಿಯಾಗಿರುತ್ತೆ. ಮನೆಯಿಂದ ದೋಸೆ ಕಾವಲಿಯನ್ನೇ ಒಯ್ಯಿರಿ, ಒಂದಕ್ಕೆ ಅರ್ಧ ಡೆಸಿ ಹಿಟ್ಟು ಸಾಕು.

ಮೊಟ್ಟೆಯಿಲ್ಲದ್ದಕ್ಕೆ ಹಿಟ್ಟನ್ನು ಬೇರೆಯೇ ಕಲಸಿ: ಹಾಲು 3 ಡೆಸಿ, ಗೋಧಿ 1 ಡೆಸಿ, ಕಡಲೆ ಹಿಟ್ಟು ಅರ್ಧ ಡೆಸಿ, ಚಿಟಿಕೆ ಉಪ್ಪು, ಕರಗಿದ ಬೆಣ್ಣೆ 2 ದೊಡ್ಡ ಚಮಚ, ಒಂದು ಗಂಟೆ ನೆನೆಯಲಿ. ಹಿಡಿದಿಡಲು ಮೊಟ್ಟೆ ಇಲ್ಲವಲ್ಲ, ಅಂಗೈ ಅಗಲಕ್ಕಿಂತ ದೊಡ್ಡದು ಮಾಡಿದರೆ ತಿರುವುವಾಗ ಹರಿಯುತ್ತೆ. ಅವರದ್ದನ್ನು ಮೊದಲು ಹುಯ್ದುಬಿಡಿ, ಆಮೇಲೆ ಮೊಟ್ಟೆಯದು.